ಹೆಸರು ಕೇಳುವ ನೆಂಟ

ಹತ್ತಿರ ಬಂದು ಕೂತ್ಕೊಳ್ಳಿ. ಕತೆ ಉದ್ದವಿಲ್ಲ, ಆದರೆ ಅರ್ಧಕ್ಕೆ ಎದ್ದು ಹೋಗಬೇಡಿ. ಚಲುವನನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದವರು ಈಗಾಗಲೇ ಬೇಕಾದಷ್ಟು ಜನ ಇದ್ದಾರೆ.

ಕೋಟೆಪುರ ಅಂತ ಒಂದು ಊರು. ಆ ಊರಲ್ಲಿ ಸಾಕಮ್ಮ ಅಂತ ಒಬ್ಬ ತಾಯಿ. ಅವಳಿಗೆ ಚಲುವ ಅಂತ ಒಬ್ಬನೇ ಮಗ. ವಯಸ್ಸು ಮೂವತ್ನಾಲ್ಕು, ಮೀಸೆ ಧಾರಾಳ, ಬುದ್ಧಿ ಅಳೆಯುವಾಗ ಮಾತ್ರ ದೇವರು ಕೈ ಬಿಗಿ ಹಿಡಿದಿದ್ದ. ಕಿವಿ ಚೆನ್ನಾಗಿತ್ತು, ಅದೇ ತೊಂದರೆ. ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದ, ಕೇಳಿಸಿಕೊಂಡಿದ್ದನ್ನು ಮಾಡುತ್ತಿದ್ದ. ಅಕ್ಕಿ ನೆನೆಸು ಮಗ ಅಂತ ಹೇಳಿ ಸಾಕಮ್ಮ ಕೆಲಸಕ್ಕೆ ಹೋಗಿ ಬಂದರೆ ಅಕ್ಕಿ ಡಬ್ಬದಲ್ಲೇ ಇರುತ್ತಿತ್ತು, ಇವನು ಗೋಡೆಗೆ ಒರಗಿ ಕಣ್ಣು ಮುಚ್ಚಿ ಅಕ್ಕಿಯನ್ನು ನೆನೆಸುತ್ತ ಕೂತಿರುತ್ತಿದ್ದ. ಬೆಳಗ್ಗೆಯಿಂದ ಒಂದು ಗಳಿಗೆಯೂ ಮರೆಯಲಿಲ್ಲ ಕಣವ್ವ ಅನ್ನುತ್ತಿದ್ದ. ದೇವರ ಮುಂದಿನ ದೀಪವನ್ನು ಆರಿಸು ಅನ್ನಬಾರದಲ್ಲ, ಅದಕ್ಕೆ ಅವಳು ದೀಪ ದೊಡ್ಡದು ಮಾಡು ಅಂದಳು. ಇವನು ಬಟ್ಟಲು ಎಣ್ಣೆ ಸುರಿದು ಬತ್ತಿ ಎಳೆದು ಎಳೆದು ದೊಡ್ಡದು ಮಾಡಿದ. ಗೂಡಿನ ಮೇಲಿನ ಗೋಡೆ ಇವತ್ತಿಗೂ ಕಪ್ಪಗಿದೆ.

ಸಾಕಮ್ಮನಿಗೆ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ. ಬೆಳಗ್ಗೆ ಆರಕ್ಕೆ ಹೋದರೆ ಸಂಜೆ ಐದಕ್ಕೆ ಬರುತ್ತಿದ್ದಳು. ಅಲ್ಲಿಯವರೆಗೆ ಚಲುವ ಜಗಲಿಯ ಮೇಲೆ ಕೂತಿರುತ್ತಿದ್ದ. ಜೊತೆಗೆ ಓದಿದವರೆಲ್ಲ ಮಕ್ಕಳೊಂದಿಗರಾಗಿದ್ದರು, ಬೈಕಿನಲ್ಲಿ ಹೋಗುವಾಗ ಒಂದು ಹಾರ್ನ್ ಹೊಡೆದು ಹೋಗುತ್ತಿದ್ದರು. ಮೊದಲೆಲ್ಲ ಎದುರಿನ ಟೀ ಅಂಗಡಿಯಲ್ಲಿ ಕೂತವರು ಅವನನ್ನು ಕರೆದು ಏನಾದರೂ ಹೇಳಿ ಮಾಡಿಸಿ ನಗುತ್ತಿದ್ದರು. ಹೊಸ ರಸ್ತೆ ಆದ ಮೇಲೆ ಟೀ ಅಂಗಡಿ ಅಲ್ಲಿಗೆ ಹೋಯಿತು, ನಗುವವರೂ ಅಂಗಡಿಯ ಹಿಂದೆ ಹೋದರು. ಆಮೇಲೆ ಚಲುವನಿಗೆ ಆ ಗೇಲಿಯೂ ಬೇಕು ಅನ್ನಿಸತೊಡಗಿತು. ಗೇಲಿಗಾದರೂ ಎದುರಿಗೆ ಒಬ್ಬ ಮನುಷ್ಯ ಬೇಕಲ್ಲ.

ತಾಯಿಗೆ ಇದು ಕಾಣದೆ ಇರುತ್ತದೆಯೇ? ಅವಳಿಗೆ ಮೈಸೂರಿನಲ್ಲಿ ನಿಂಗರಾಜು ಅಂತ ಒಬ್ಬ ತಮ್ಮ, ಕಂಪ್ಯೂಟರ್ ಅಂಗಡಿ ಇಟ್ಟಿದ್ದವನು. ಒಂದು ಭಾನುವಾರ ಅವನ ಮನೆಗೆ ಹೋಗಿ ಕೂತಳು.

"ಕೈತುಂಬ ಕೊಡ್ಬ್ಯಾಡ ನಿಂಗ, ಕೈಗೊಂದು ಕೆಲ್ಸ ಕೊಡು," ಅಂದಳು. "ನಾಕ್ ಜನ ಬತ್ತಾ ಓಯ್ತಾ ಇರೋ ಕಡೆ ಕೂರ್ಸು. ದಿನವೆಲ್ಲ ಗ್ವಾಡೆ ನೋಡ್ಕಂಡು ಕುಂತ್ರೆ ಮನ್ಸ ಏನಾದಾನು?"

ನಿಂಗರಾಜು ಯೋಚನೆ ಮಾಡಿದ. ಗಂಡು ಹೆಣ್ಣು ಹುಡುಕುವವರಿಗೆ ಅಂತ ಅವನು ಹೊಸದಾಗಿ ಒಂದು ವೆಬ್‌ಸೈಟ್ ಶುರು ಮಾಡುತ್ತಿದ್ದ. ಮೊಬೈಲಿನಲ್ಲೇ ಜಾತಕ ನೋಡಬಹುದು, ಫೋಟೋ ನೋಡಬಹುದು. ಅದೆಲ್ಲ ಕೂತಿರಲು ಸರ್ವರ್ ಅಂತ ಒಂದು ಕಂಪ್ಯೂಟರ್ ಬೇಕು, ಅದು ಹಗಲೂ ರಾತ್ರಿ ಎದ್ದಿರಬೇಕು, ತಂಪಾಗಿರಬೇಕು. ಕೋಟೆಪುರದ ಹಳೇ ಹಾಲಿನ ಡೈರಿ ಖಾಲಿ ಬಿದ್ದಿತ್ತು. ದಪ್ಪ ಗೋಡೆ, ಬೇರೆಯೇ ಕರೆಂಟ್ ಲೈನು. ಅಲ್ಲಿ ಕಂಪ್ಯೂಟರ್ ಇಟ್ಟಿದ್ದೂ ಆಗಿತ್ತು, ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ ಬಾಕಿ ಇದ್ದ. ಚಲುವ ಹತ್ತನೇ ಕ್ಲಾಸಿನ ಬಾಗಿಲವರೆಗೆ ಹೋಗಿ ಬಂದವನು, ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದ, ಒಂದೊಂದೇ ಬೆರಳಲ್ಲಿ ಕೀ ಒತ್ತುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನೇ ನನಗೆ ಬೇಕು ಅಕ್ಕ, ಸ್ವಂತ ಬುದ್ಧಿ ಓಡಿಸುವವರನ್ನು ಸಾಕಿ ಸಾಕಾಗಿದೆ ಅಂದ ನಿಂಗರಾಜು. ಹದಿನೈದು ದಿನದೊಳಗೆ ಸರ್ವರ್ ಏಳಬೇಕು, ಎದ್ದರೆ ಕೆಲಸ ಖಾಯಂ, ಏಳದಿದ್ದರೆ ಡೈರಿಯ ಬೀಗದಕೈ ಬೇರೆಯವನಿಗೆ ಅಂತಲೂ ಅಂದ.

ಸಾಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಡೈರಿ ಅಂದ ಮೇಲೆ ಹಾಲು ಹಾಕುವವರು ಸಾಲುಗಟ್ಟಿ ನಿಂತಿರುತ್ತಾರೆ ಅಂತ ಅವಳ ಲೆಕ್ಕ. ಡೈರಿ ಮುಚ್ಚಿ ನಾಲ್ಕು ವರ್ಷವಾಗಿತ್ತು, ಅವಳು ಆ ಕಡೆ ಹೋಗಿರಲಿಲ್ಲ.

ಹೀಗೆ ಚಲುವ ಜಗಲಿ ಬಿಟ್ಟು ಡೈರಿಗೆ ಹೋದ. ಅಲ್ಲಿ ನಾಲ್ಕು ಗೋಡೆ, ಒಂದು ಮೇಜು, ಒಂದು ಕಂಪ್ಯೂಟರ್, ಒಂದು ಕುರ್ಚಿ. ಆಚೆ ಎಕ್ಕದ ಗಿಡ. ಜಗಲಿಯಲ್ಲಿ ಹಾರ್ನ್ ಆದರೂ ಕೇಳುತ್ತಿತ್ತು.

ನಿಂಗರಾಜು ಮೈಸೂರಿನಿಂದ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದ. ಈ ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರ್ ಮಾಡಬೇಕು. ಅದು ನಿಜವಾಗಿ ಇರುವುದಿಲ್ಲ, ಆದರೆ ಇರುವ ಹಾಗೇ ನಡೆದುಕೊಳ್ಳುತ್ತದೆ, ಅದಕ್ಕೆ ವರ್ಚುವಲ್ ಮೆಷಿನ್ ಅನ್ನುತ್ತಾರೆ. ಹೊರಗಿನದು ಮನೆಯವರು ಇದ್ದ ಹಾಗೆ, ಒಳಗಿನದು ನೆಂಟ ಇದ್ದ ಹಾಗೆ. ಅದಕ್ಕೆ ಹೋಸ್ಟ್, ಇದಕ್ಕೆ ಗೆಸ್ಟ್ ಅಂತಲೇ ಹೆಸರು. ಆ ನೆಂಟನಿಗೆ ಒಂದಿಷ್ಟು ಮೆಮೊರಿ ಕೊಡಬೇಕು, ಆಮೇಲೆ ಅವನೊಳಗೆ ಸರ್ವರ್ ಸಾಫ್ಟ್‌ವೇರ್ ಹಾಕಬೇಕು. ಆ ಸಾಫ್ಟ್‌ವೇರ್ ಓಪನ್ ಸೋರ್ಸ್, ಊರ ಬಾವಿ ಇದ್ದ ಹಾಗೆ, ಯಾರು ಬೇಕಾದರೂ ಸೇದಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಇಷ್ಟು ಹೇಳುವಷ್ಟರಲ್ಲಿ ಅಂಗಡಿಗೆ ಯಾರೋ ಬಂದರು, ಫೋನ್ ಇಟ್ಟ.

ನೆಂಟನಿಗೆ ಮೆಮೊರಿ ಎಷ್ಟು ಕೊಡಬೇಕು ಅನ್ನುವುದು ಉಳಿದುಹೋಯಿತು. ಚಲುವ ಸಂಜೆ ಅವ್ವನನ್ನು ಕೇಳಿದ, ನೆಂಟರಿಗೆ ಎಷ್ಟು ಕೊಡಬೇಕವ್ವ ಅಂತ. ಸಾಕಮ್ಮನಿಗೆ ನಗು ಬಂತು. ನೆಂಟರಿಗೆ ಬಡಿಸುವಾಗ ಯಾರಾದರೂ ಅಳತೆ ನೋಡುತ್ತಾರೇನೋ, ಮನೆಯಲ್ಲಿರುವುದನ್ನೆಲ್ಲ ಮುಂದಿಡಬೇಕು ಅಂದಳು.

ಹೇಳಿದ್ದನ್ನು ಕೇಳಿಸಿಕೊಂಡ, ಕೇಳಿಸಿಕೊಂಡಿದ್ದನ್ನು ಮಾಡಿದ. ಮಾರನೆಯ ದಿನ ಇದ್ದಬದ್ದ ಮೆಮೊರಿಯನ್ನೆಲ್ಲ ನೆಂಟನ ಎಲೆಗೆ ಬಡಿಸಿದ. ಹೊರಗಿನ ಕಂಪ್ಯೂಟರಿಗೆ ಒಂದು ತುತ್ತೂ ಉಳಿಯಲಿಲ್ಲ. ಪರದೆ ಕಲ್ಲಾಯಿತು. ಮೌಸಿನ ಬಾಣ ಅಲ್ಲಾಡಲಿಲ್ಲ, ಕೀ ಒತ್ತಿದರೆ ಕೇಳಲಿಲ್ಲ. ಚಲುವ ಒಂದು ದಿನವೆಲ್ಲ ಅದರ ಮುಂದೆ ಕೂತಿದ್ದು, ನೆಂಟರು ಊಟ ಮಾಡುವಾಗ ಮಾತಾಡಿಸಬಾರದು ಅಂತ ಸುಮ್ಮನಿದ್ದ.

ನಿಂಗರಾಜು ಬೈದ ಬೈಗುಳಕ್ಕೆ ಫೋನು ಬಿಸಿಯಾಯಿತು. ಮನೆಯವರೇ ಉಪವಾಸ ಬಿದ್ದರೆ ನೆಂಟ ಎಲ್ಲಿ ಉಳಿಯುತ್ತಾನೋ, ಅರ್ಧ ಕೊಟ್ಟು ಅರ್ಧ ಇಟ್ಟುಕೊಳ್ಳಬೇಕು ಕಣೋ ಅಂದ. ಸರಿ ಮಾವ ಅಂದ ಚಲುವ. ಇನ್ನು ಮುಂದೆ ಅರ್ಧ ಕೊಡು, ಅರ್ಧ ಇಟ್ಟುಕೋ. ಮನಸ್ಸಿನಲ್ಲಿ ಬರೆದುಕೊಂಡ.

ಮೆಮೊರಿ ಅರ್ಧ ಕೊಟ್ಟ. ನೆಂಟ ಎದ್ದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಸರಸರ ಓಡಿ ನಿಂತವು. ಯಾವ ಭಾಷೆ ಅಂತ ಕೇಳಿತು, ಯಾವ ದೇಶ ಅಂತ ಕೇಳಿತು. ಆಮೇಲೆ ಒಂದು ಖಾಲಿ ಡಬ್ಬಿ ತೋರಿಸಿ ನಿಮ್ಮ ಹೆಸರೇನು ಅಂತ ಕೇಳಿತು.

ಚಲುವ ಅದನ್ನು ಮೂರು ಸಲ ಕೂಡಿಸಿ ಓದಿದ. ಅವನ ಹೆಸರನ್ನು ಯಾರಾದರೂ ಕೇಳಿ ಎಷ್ಟು ವರ್ಷವಾಗಿತ್ತೋ. ಊರಿನವರಿಗೆ ಹೆಸರು ಗೊತ್ತಿತ್ತು, ಬೇಕಾಗಿರಲಿಲ್ಲ, ಲೋ ಅಂದರೆ ಸಾಕಾಗುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಂಡ. ಹೇಳಬೇಕು ಅನ್ನುವಷ್ಟರಲ್ಲಿ ಮಾವನ ಮಾತು ನೆನಪಾಯಿತು. ಹೆಸರಲ್ಲಿ ಅರ್ಧ ಕೊಟ್ಟ, ಅರ್ಧ ಇಟ್ಟುಕೊಂಡ. 'ಚಲು' ಅಂತ ಒತ್ತಿದ. ಪಾಸ್‌ವರ್ಡ್ ಕೇಳಿತು, ಅದರಲ್ಲೂ ಅರ್ಧ ಕೊಟ್ಟ. ಇನ್ನೊಮ್ಮೆ ಅದೇ ಪಾಸ್‌ವರ್ಡ್ ಹೇಳಿ ಅಂತ ಕೇಳಿತು. ಪಾಪ, ಇಷ್ಟು ಕೇಳುತ್ತಿದೆಯಲ್ಲ ಅಂತ ಮನಸ್ಸು ಕರಗಿ ಇಟ್ಟುಕೊಂಡಿದ್ದ ಇನ್ನರ್ಧವನ್ನೂ ಕೊಟ್ಟುಬಿಟ್ಟ. ಎರಡೂ ಹೊಂದುತ್ತಿಲ್ಲ ಅಂತ ಕೆಂಪು ಅಕ್ಷರ ಬಂತು. ಇವನು ಕೊಟ್ಟಿದ್ದು ಎರಡು ಅರ್ಧ, ಅವು ಹೇಗೆ ಹೊಂದುತ್ತವೆ?

ನಿಂಗರಾಜು ತಲೆ ಚಚ್ಚಿಕೊಂಡ. ಅದು ಕೇಳಿದ್ದಕ್ಕೆಲ್ಲ ಪೂರ್ತಿ ಉತ್ತರ ಕೊಡಬೇಕು, ಏನೊಂದೂ ಬಿಡಬಾರದು, ಮತ್ತೆ ಮೊದಲಿನಿಂದ ಶುರು ಮಾಡು ಅಂದ.

ಪೂರ್ತಿ ಹೇಳು ಅಂದರೆ ಚಲುವನಿಗೆ ಹಬ್ಬ. ಮತ್ತೆ ಶುರು ಮಾಡಿದ, ಮತ್ತೆ ನೆಂಟ ಹೆಸರು ಕೇಳಿದ. ಚಲುವ ಪೂರ್ತಿ ಹೇಳಿದ. ಹೆಸರು ಚಲುವರಾಜ. ಅವ್ವ ಸಾಕಮ್ಮ, ಹಾಸ್ಟೆಲ್ಲಿನಲ್ಲಿ ಸಾರು ಮಾಡುತ್ತಾಳೆ. ಅಪ್ಪ ಲಾರಿಯಲ್ಲಿ ಹೋದವನು ಬರಲಿಲ್ಲ, ಆಗ ನನಗೆ ಆರು ವರ್ಷ. ಎರಡನೇ ಬೆಂಚಿನಲ್ಲಿ ಕೂರುತ್ತಿದ್ದೆ, ಪಕ್ಕದಲ್ಲಿ ದಾಸೇಗೌಡ ಇದ್ದ, ಈಗ ಮಾತಾಡಿಸುವುದಿಲ್ಲ, ಕೋಪವಿರಲಿಕ್ಕಿಲ್ಲ, ಕೆಲಸವಿರುತ್ತದೆ. ನನಗೆ ಹುರುಳಿ ಸಾರು ಇಷ್ಟ. ಗುಡುಗಿಗೆ ಹೆದರಿಕೆ. ಒಂದೊಂದೇ ಬೆರಳಲ್ಲಿ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಒತ್ತಿ, ಬೆಳಗ್ಗೆಯಿಂದ ಬಿಸಿಲಿಳಿಯುವವರೆಗೆ ಹೇಳಿದ. ತನ್ನ ವಿಷಯ ಇಷ್ಟು ಇದೆ ಅಂತ ಅವನಿಗೇ ಗೊತ್ತಿರಲಿಲ್ಲ. ಎಲ್ಲ ಹೇಳಿ ಮುಗಿಸಿ ಎಂಟರ್ ಒತ್ತಿದರೆ ಹೆಸರು ಬಹಳ ಉದ್ದವಾಯಿತು ಅಂತ ಕೆಂಪು ಅಕ್ಷರ ಬಂತು.

ಚಲುವನಿಗೆ ಅಳು ಬಂತು. ಕೇಳಿದ್ದು ನೀನೇ ತಾನೆ ಅಂದ.

ಅವತ್ತು ನಿಂಗರಾಜು ಬಹಳ ಹೊತ್ತು ಬೈದ. ಹತ್ತು ದಿನ ಕಳೆಯಿತು, ಇನ್ನು ಐದೇ ದಿನ ಉಳಿದಿದೆ ಅಂದ. ಮನೆಯ ಕತೆಯೆಲ್ಲ ಅದಕ್ಕೆ ಯಾಕೋ, ಹೆಸರು ಅಂದರೆ ಹೆಸರಷ್ಟೇ. ಮತ್ತೆ ಪಾಸ್‌ವರ್ಡ್ ಅಂದರೆ ಗುಟ್ಟು. ಯಾರು ಕೇಳಿದರೂ ಹೇಳಬಾರದು, ಹೆತ್ತ ತಾಯಿ ಕೇಳಿದರೂ ಬಾಯಿ ಬಿಡಬಾರದು.

ಹೇಳಿದ್ದನ್ನು ಕೇಳಿಸಿಕೊಂಡ, ಕೇಳಿಸಿಕೊಂಡಿದ್ದನ್ನು ಮಾಡಿದ. ನೆಂಟ ಹೆಸರು ಕೇಳಿದ, ಚಲುವ ಅಂದ. ನೆಂಟ ಪಾಸ್‌ವರ್ಡ್ ಕೇಳಿದ, ಚಲುವ ಕೈ ಕಟ್ಟಿಕೊಂಡು ಕೂತ. ಯಾರು ಕೇಳಿದರೂ ಹೇಳಬಾರದು. ಹೇಳದೆ ಅದು ಮುಂದೆ ಹೋಗುವುದಿಲ್ಲ. ಇವನೂ ಹೇಳುವುದಿಲ್ಲ. ಹೇಳಿದಷ್ಟೇ ಮಾಡುವ ಎರಡು ಜೀವಗಳು ಎದುರುಬದುರು ಕೂತವು. ಗೆರೆಯೊಂದು ಮಿಣುಕಿ ಮಿಣುಕಿ ಕೇಳುತ್ತಿತ್ತು, ಇವನು ರೆಪ್ಪೆ ಬಡಿದು ಬಡಿದು ಬೇಡ ಅನ್ನುತ್ತಿದ್ದ. ಎರಡು ದಿನ ಹಾಗೇ ಕಳೆದವು. ಮನೆಯಲ್ಲಿ ಸಾಕಮ್ಮ ಇವತ್ತು ಏನು ಮಾಡಿದೆ ಮಗ ಅಂತ ಕೇಳಿದರೆ ಬಾಯಿ ಮುಚ್ಚಿಕೊಂಡು ತಲೆ ಆಡಿಸಿದ. ಅವಳು ತಮ್ಮನಿಗೆ ಫೋನ್ ಮಾಡಿ ಹುಡುಗನಿಗೆ ಅಲ್ಲಿ ಯಾರೋ ಏನೋ ಮಾಡಿದ್ದಾರೆ, ಮಾತೇ ನಿಂತುಹೋಗಿದೆ ಅಂತ ಅತ್ತಳು.

"ಕಂಪ್ಯೂಟರಿಗೇ ಹೇಳ್ದೆ ಇನ್ಯಾರಿಗೋ ಹೇಳ್ತೀಯ?" ಅಂದ ನಿಂಗರಾಜು, ಚಲುವನಿಗೆ ಫೋನ್ ಮಾಡಿ. "ಹೇಳಪ್ಪ ಅದಕ್ಕೆ. ನಿನ್ನ ಕಾಲಿಗೆ ಬೀಳ್ತೀನಿ."

ಮಾವ ಕಾಲಿಗೆ ಬೀಳುವುದು ಚೆನ್ನಾಗಿರುವುದಿಲ್ಲ ಅಂತ ಚಲುವ ಪಾಸ್‌ವರ್ಡ್ ಹೇಳಿದ. ಎರಡು ಸಲವೂ ಪೂರ್ತಿ ಹೇಳಿದ. ನೆಂಟ ಒಪ್ಪಿಕೊಂಡ. ಸಾಫ್ಟ್‌ವೇರ್ ಇಳಿಯತೊಡಗಿತು. ಒಂದು ಗೆರೆ ನಿಧಾನವಾಗಿ ತುಂಬುತ್ತ ತುಂಬುತ್ತ ಹೋಗಿ ಕೊನೆ ಮುಟ್ಟಿ, ಆಯಿತು ಅಂತು. ಕೆಳಗೆ ಇನ್ನೊಂದು ಸಾಲು ಬಂತು, ಸಾಫ್ಟ್‌ವೇರ್ ಇದ್ದ ಡಿಸ್ಕನ್ನು ತೆಗೆದು ಎಂಟರ್ ಒತ್ತಿ ಅಂತ.

ಚಲುವ ಕಂಪ್ಯೂಟರಿನ ಡಿಸ್ಕ್ ಇಡುವ ತಟ್ಟೆ ಎಳೆದು ನೋಡಿದ. ಖಾಲಿ. ಮಾವನಿಗೆ ಫೋನ್ ಮಾಡಿದ. ಅದು ಕೈಗೆ ಸಿಗುವ ಡಿಸ್ಕ್ ಅಲ್ಲ ಕಣೋ, ಇಲ್ಲದ ಕಂಪ್ಯೂಟರಿಗೆ ಇಲ್ಲದ ಡಿಸ್ಕು, ಇದ್ದ ಹಾಗೆ ತಿಳಿದುಕೊಂಡು ತೆಗಿ, ಆಮೇಲೆ ಎಂಟರ್ ಒತ್ತು ಅಂದ ನಿಂಗರಾಜು. ಚಲುವ ಎರಡು ಬೆರಳು ಚಾಚಿ, ಇಲ್ಲದ ಡಿಸ್ಕನ್ನು ಇದ್ದ ಹಾಗೆ ತಿಳಿದುಕೊಂಡು ಮೆಲ್ಲಗೆ ಹಿಡಿದು ತೆಗೆದ. ಬೀಳಿಸಬಾರದು ಅಂತ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಎಂಟರ್ ಒತ್ತಿದ.

ಒಳಗಿನ ಡಿಸ್ಕ್ ಒಳಗೇ ಇತ್ತು, ಅದು ಇರುವವರೆಗೆ ನೆಂಟ ಮೊದಲಿನಿಂದಲೇ ಏಳುತ್ತಾನೆ. ಪರದೆ ಕಪ್ಪಾಯಿತು, ಅಕ್ಷರ ಸರಸರ ಓಡಿದವು, ಮತ್ತೆ ಮೊದಲಿನಿಂದ ಶುರುವಾಯಿತು. ಯಾವ ಭಾಷೆ, ಯಾವ ದೇಶ, ನಿಮ್ಮ ಹೆಸರೇನು.

ಚಲುವನ ಮುಖ ಅರಳಿತು. ಸಂಜೆ ಅವ್ವನ ಹತ್ತಿರ ಹೇಳಿದ, ನೆಂಟ ಹೋದವನು ಮತ್ತೆ ಬಂದ ಅಂತ. ಸಾಕಮ್ಮನಿಗೆ ಮಗ ಬಾಯಿ ಬಿಟ್ಟನಲ್ಲ ಅನ್ನುವುದೇ ಸಮಾಧಾನ. ಹೋಗುತ್ತೇನೆ ಅಂತ ಯಾರಾದರೂ ಹೇಳುತ್ತಾರಾ, ಹೋಗಿ ಬರುತ್ತೇನೆ ಅನ್ನಬೇಕು, ಅಂದ ಮೇಲೆ ಬರಬೇಕು, ಬಂದಾಗ ಮಾತಾಡಿಸಬೇಕು ಅಂದಳು.

ಬಂದಾಗ ಮಾತಾಡಿಸಿದ. ಉಳಿದ ಮೂರು ದಿನ ಚಲುವನ ಹಾಗೆ ಸುಖವಾಗಿದ್ದವರು ಕೋಟೆಪುರದಲ್ಲಿ ಇರಲಿಲ್ಲ. ನೆಂಟ ಬರುತ್ತಿದ್ದ, ಹೆಸರು ಕೇಳುತ್ತಿದ್ದ. ಇವನು ಹೇಳುತ್ತಿದ್ದ. ಒಂದು ತಾಸು ಗೆರೆ ತುಂಬುತ್ತಿತ್ತು. ಇವನು ಇಲ್ಲದ ಡಿಸ್ಕನ್ನು ತೆಗೆದು ಜೇಬಿಗೆ ಹಾಕಿಕೊಂಡು ಎಂಟರ್ ಒತ್ತುತ್ತಿದ್ದ. ನೆಂಟ ಹೋಗಿ ಬರುತ್ತಿದ್ದ, ಮತ್ತೆ ಹೆಸರು ಕೇಳುತ್ತಿದ್ದ. ದಿನಕ್ಕೆ ಐದು ಸಲ, ಆರು ಸಲ. ಬೆಳಗ್ಗೆ ಎದ್ದರೆ ಡೈರಿಗೆ ಓಡುತ್ತಿದ್ದ. ಹೇಗೆ ನಡೆಯುತ್ತಿದೆ ಅಂತ ನಿಂಗರಾಜು ಕೇಳಿದರೆ, ಚೆನ್ನಾಗಿ ನಡೆಯುತ್ತಿದೆ ಮಾವ, ಬಹಳ ಚೆನ್ನಾಗಿ ನಡೆಯುತ್ತಿದೆ ಅನ್ನುತ್ತಿದ್ದ.

ಹದಿನೈದನೇ ದಿನ ನಿಂಗರಾಜು ಬಸ್ಸಿಳಿದು ಬಂದ. ಬಂದು ನೋಡಿದರೆ ಪರದೆಯ ಮೇಲೆ ನಿಮ್ಮ ಹೆಸರೇನು ಅಂತ ನಿಂತಿದೆ, ಅಳಿಯ ತಲೆ ಬಾಚಿಕೊಂಡು ಉತ್ತರ ಕೊಡುತ್ತಿದ್ದಾನೆ. ಇದು ಎಷ್ಟನೇ ಸಲ ಅಂತ ಕೇಳಿದ. ಹದಿನೇಳು ಅಂದ ಚಲುವ. ನಿಂಗರಾಜು ಬೈಯಲಿಲ್ಲ. ಬೈಗುಳ ಮುಗಿದುಹೋಗಿದ್ದವು. ಕುರ್ಚಿ ಎಳೆದುಕೊಂಡು ಕೂತು, ಪಾಸ್‌ವರ್ಡನ್ನು ಅಳಿಯನ ಕೈಲೇ ಒತ್ತಿಸಿ, ಗೆರೆ ತುಂಬುವವರೆಗೆ ಕಾದ. ಆಮೇಲೆ ಪರದೆಯ ಮೂಲೆಯ ಪಟ್ಟಿ ತೆರೆದು ಒಳಗಿನ ಡಿಸ್ಕನ್ನು ತಾನೇ ತೆಗೆದು ಎಂಟರ್ ಒತ್ತಿದ. ಪರದೆ ಕಪ್ಪಾಯಿತು, ಅಕ್ಷರ ಓಡಿದವು, ನಿಂತವು. ಇನ್ನೂ ಏನೇನೋ ಹಾಕಿ, ವೆಬ್‌ಸೈಟನ್ನು ಒಳಗಿಟ್ಟು, ತನ್ನ ಮೊಬೈಲಿನಲ್ಲಿ ತೆರೆದು ನೋಡಿದ. ಗಂಡುಗಳೂ ಹೆಣ್ಣುಗಳೂ ಸಾಲಾಗಿ ಬಂದರು. ಸರ್ವರ್ ಎದ್ದಿತ್ತು.

"ಇನ್ನು ಹೆಸ್ರು ಕೇಳಲ್ವಾ ಮಾವ?" ಅಂದ ಚಲುವ.

"ಒಂದ್ಸಲ ನೆಟ್ಟಗೆ ಎದ್ ನಿಂತ ಮೇಲೆ ಯಾಕೋ ಕೇಳುತ್ತೆ? ಇನ್ನು ಅದು ನಿನ್ನನ್ನ ಏನೂ ಕೇಳಲ್ಲ. ನೀನು ಆರಾಮಾಗಿ ಕೂತ್ಕೊ."

ಸರ್ವರ್ ಎದ್ದ ಮೇಲೆ ಪರದೆಯ ಕೆಲಸವಿಲ್ಲ, ಏನಿದ್ದರೂ ಮೈಸೂರಿನಿಂದಲೇ ನೋಡಿಕೊಳ್ಳಬಹುದು. ನಿಂಗರಾಜು ಪರದೆಯನ್ನೂ ಕೀಲಿಮಣೆಯನ್ನೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ಒಂದು ಪೆಟ್ಟಿಗೆ ಉಳಿಯಿತು. ಅದಕ್ಕೆ ಒಂದು ನೀಲಿ ವೈರು, ವೈರಿನ ಬುಡದಲ್ಲಿ ಮಿಣುಕುವ ಒಂದು ಹಸಿರು ದೀಪ. ಚಲುವನ ಮುಖ ನೋಡಿ ನಿಂಗರಾಜನಿಗೂ ಏನೋ ಅನ್ನಿಸಿತು. ಹೆಗಲ ಮೇಲೆ ಕೈಯಿಟ್ಟ. ಕೆಲಸ ಖಾಯಂ ಕಣೋ, ಬೀಗದಕೈ ನಿನ್ನದೇ ಅಂದ. ನಾಳೆಯಿಂದ ಇಲ್ಲಿಗೆ ದಿನಾ ನೂರಾರು ಜನ ಬರುತ್ತಾರೆ, ಗಂಡು ನೋಡುವವರು, ಹೆಣ್ಣು ನೋಡುವವರು, ಎಲ್ಲೆಲ್ಲಿಂದಲೋ ಬರುತ್ತಾರೆ, ಈ ವೈರಿನಲ್ಲೇ ಬಂದು ಈ ವೈರಿನಲ್ಲೇ ಹೋಗುತ್ತಾರೆ, ಬಂದವರಿಗೆ ತೊಂದರೆಯಾಗದ ಹಾಗೆ ನೋಡಿಕೋ ಅಂದು ಬಸ್ಸು ಹತ್ತಿದ.

ನೂರಾರು ಜನ. ಸಾಕಮ್ಮ ಕೇಳಿ ಕೈ ಮುಗಿದಳು. ನಾಲ್ಕು ಜನ ಬರುವ ಕಡೆ ಕೂರಿಸು ಅಂದರೆ ತಮ್ಮ ನೂರಾರು ಜನ ಬರುವ ಕಡೆ ಕೂರಿಸಿದ್ದಾನೆ.

ಮಾರನೆಯ ದಿನ ಚಲುವ ಮದುವೆಗೆ ಅಂತ ಇಟ್ಟಿದ್ದ ಅಂಗಿ ಹಾಕಿಕೊಂಡು ಹೋದ. ಡೈರಿ ಗುಡಿಸಿದ. ಮನೆಯಿಂದ ತಂದ ದೊಡ್ಡ ಚಾಪೆ ಹಾಸಿದ. ಬಾಗಿಲಲ್ಲಿ ಕೂತು ರಸ್ತೆ ನೋಡಿದ. ಬೆಳಗಿನ ಬಿಸಿಲು ಹೊಸ್ತಿಲಿಗೆ ಬಂತು, ಹೊಸ್ತಿಲಿನಿಂದ ಇಳಿಯಿತು. ಮಧ್ಯಾಹ್ನ ಒಬ್ಬ ವ್ಯಾನಿನವನು ನಿಲ್ಲಿಸಿ, ಇಲ್ಲಿ ಹಾಲು ತಗೊಳ್ಳುತ್ತಿದ್ದರಲ್ಲ ಅಂದ. ಚಲುವ ಎದ್ದು ನಿಂತು ಬನ್ನಿ ಬನ್ನಿ ಅಂದ. ಅವನು ಗೇರ್ ಹಾಕಿಕೊಂಡು ಹೋದ. ಆಮೇಲೆ ಯಾರೂ ಬರಲಿಲ್ಲ. ಕತ್ತಲಾಗುವ ಮುಂಚೆ ಚಾಪೆ ಸುತ್ತಿಟ್ಟು ಬಂದ. ಅವ್ವನ ಹತ್ತಿರ ಸಾರು ಚೆನ್ನಾಗಿದೆ ಅಂದ.

ಬೆಳಗ್ಗೆ ನಿಂಗರಾಜನ ಫೋನ್ ಬಂತು. ಅವನ ದನಿ ಕುಣಿಯುತ್ತಿತ್ತು. ಮೊದಲನೇ ದಿನವೇ ನಾನೂರ ಹನ್ನೆರಡು ಜನ ಬಂದು ಹೋಗಿದ್ದಾರೆ ಕಣೋ ಚಲುವ ಅಂದ.

ಚಲುವ ಫೋನ್ ಹಿಡಿದುಕೊಂಡೇ ಹಿಂದಕ್ಕೆ ತಿರುಗಿ ನೋಡಿದ. ನಾನೂರ ಹನ್ನೆರಡು ಜನ. ಅವನ ಬೆನ್ನ ಹಿಂದೆಯೇ ಬಂದಿದ್ದಾರೆ, ನೋಡಿದ್ದಾರೆ, ಹೋಗಿದ್ದಾರೆ. ಅವನು ಬಾಗಿಲ ಕಡೆ ಮುಖ ಮಾಡಿ ಕೂತಿದ್ದ. ಒಬ್ಬರೂ ಭುಜ ತಟ್ಟಿ ಯಾರಪ್ಪ ನೀನು ಅನ್ನಲಿಲ್ಲ. ಅಂದಿದ್ದರೆ ಹೇಳುತ್ತಿದ್ದ, ಹೆಸರಷ್ಟೇ ಹೇಳುತ್ತಿದ್ದ, ಉದ್ದ ಮಾಡುತ್ತಿರಲಿಲ್ಲ. ಆ ದಿನವೆಲ್ಲ ಅವನು ಬಾಗಿಲಿಗೆ ಬೆನ್ನು ಹಾಕಿ ವೈರನ್ನೇ ನೋಡುತ್ತ ಕೂತ. ಹಸಿರು ದೀಪ ಬಡಬಡ ಮಿಣುಕುತ್ತಿತ್ತು. ಕಣ್ಣಿಗೆ ಯಾರೂ ಕಾಣಲಿಲ್ಲ.

ಸಂಜೆ ಅವ್ವನ ಮುಂದೆ ಅತ್ತುಬಿಟ್ಟ. ಅಷ್ಟು ಜನ ಬಂದರೂ ಯಾರೂ ನನ್ನ ಹತ್ತಿರ ಕೂರಲಿಲ್ಲ ಕಣವ್ವ ಅಂದ. ಸಾಕಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಅವನ ತಲೆ ಸವರಿದಳು. ಬಂದವರು ಕೂರದೆ ಹೋಗುವುದು ಯಾವಾಗ ಅಂತ ಅವಳಿಗೆ ಗೊತ್ತಿತ್ತು. ಬಂದವರಿಗೆ ಏನು ಕೊಟ್ಟೆ ಅಂತ ಕೇಳಿದಳು. ಏನೂ ಇಲ್ಲ ಅಂದ.

"ಅಯ್ಯೋ ನನ್ ಕಂದ," ಅಂದಳು. "ಗಂಡು ಎಣ್ಣು ನೋಡೋಕೆ ಬಂದೋರು, ಎಲ್ಲೆಲ್ಲಿಂದ್ಲೋ ಬಿಸ್ಲಲ್ಲಿ ಬಂದಿರ್ತಾರೆ. ಒಂದ್ ತೊಟ್ಟು ನೀರು ಕೊಡ್ದೆ ಕಳಿಸ್ದ್ರೆ ಯಾರ್ ಕೂತಾರು? ಒಳಿಕ್ ಬುಡೋಕ್ ಮುಂಚೆ ಅಲ್ಲೇ ತಡ್ದು ಚೊಂಬಲ್ಲಿ ನೀರು ಕೊಡ್ಬೇಕು ಕಣ್ ಮಗ. ನೀರು ಕುಡುದ್ರೆ ಕೂತ್ಕತ್ತಾರೆ. ಕೂತ್ರೆ ಮಾತಾಡ್ತಾರೆ."

ಹೇಳಿದ್ದನ್ನು ಕೇಳಿಸಿಕೊಂಡ, ಕೇಳಿಸಿಕೊಂಡಿದ್ದನ್ನು ಮಾಡಿದ. ಬೆಳಗ್ಗೆ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಿದ. ಬೋರಿನ ನೀರು ಉಪ್ಪು ಅಂತ ಹನುಮಪ್ಪನ ಗುಡಿಯ ಹತ್ತಿರದ ಸಿಹಿ ನೀರು ತುಂಬಿಸಿಕೊಂಡ. ಡೈರಿಯ ಬಾಗಿಲು ತೆಗೆದು ಚಾಪೆ ಹಾಸಿದ. ಚೊಂಬನ್ನು ಚಾಪೆಯ ನಡುವೆ ಇಟ್ಟ. ಆಮೇಲೆ ಪೆಟ್ಟಿಗೆಯ ಹಿಂದೆ ಹೋಗಿ, ಅವರು ಬರುವ ನೀಲಿ ವೈರನ್ನು ಮೆಲ್ಲಗೆ ಎಳೆದ. ಟಕ್ಕೆಂದು ಬಿಟ್ಟುಕೊಂಡಿತು. ಹಸಿರು ದೀಪ ನಿಂತಿತು. ವೈರಿನ ತುದಿಯನ್ನು ತಂದು ಚೊಂಬಿನ ನೀರಿನಲ್ಲಿ ಇಳಿಬಿಟ್ಟ.

ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಾದ. ಡೈರಿ ತಣ್ಣಗಿತ್ತು, ಶಬ್ದವಿರಲಿಲ್ಲ. ಬಾಯಾರಿದವರು ನೀರು ಕುಡಿಯುವಾಗ ಮಾತಾಡುವುದಿಲ್ಲ, ಅದು ಚಲುವನಿಗೆ ಗೊತ್ತಿತ್ತು. ಬಹಳ ದೂರದಿಂದ ಬಂದಿದ್ದಾರೆ ಪಾಪ, ಬಹಳ ಹೊತ್ತು ಕುಡಿಯುತ್ತಿದ್ದಾರೆ ಅಂದುಕೊಂಡ. ಎಷ್ಟೋ ದಿನದ ಮೇಲೆ ಅವನ ಎದೆ ಹಗುರವಾಯಿತು.

ಫೋನ್ ಬಂತು. ಆ ಕಡೆ ನಿಂಗರಾಜು ಕೂಗುತ್ತಿದ್ದ. ಬೆಳಗ್ಗೆಯಿಂದ ಒಬ್ಬರೂ ಒಳಗೆ ಬರಲು ಆಗುತ್ತಿಲ್ಲ, ಎಲ್ಲರೂ ಬಾಗಿಲಲ್ಲೇ ನಿಂತಿದ್ದಾರೆ, ಜನ ಫೋನ್ ಮಾಡಿ ಮಾಡಿ ಬೈಯುತ್ತಿದ್ದಾರೆ, ಹೀಗಾದರೆ ಬೀಗದಕೈ ಕಿತ್ತುಕೊಳ್ಳುತ್ತೇನೆ, ಏನು ಮಾಡಿದೆಯೋ ಅಲ್ಲಿ ಅಂದ.

ಚಲುವ ಬಾಯಿಗೆ ಕೈ ಅಡ್ಡ ಹಿಡಿದು, ಬಂದವರಿಗೆ ಕೇಳಿಸದ ಹಾಗೆ ಪಿಸುಗುಟ್ಟಿದ.

"ಮೆಲ್ಲುಕ್ ಮಾತಾಡು ಮಾವ. ನೀರು ಕುಡೀತಾವ್ರೆ. ಸುಧಾರಿಸ್ಕಳ್ಳಿ, ಆಮೇಲೆ ಒಳಿಕ್ ಕಳಿಸ್ತೀನಿ."

ಫೋನನ್ನು ಅಂಗಿಯೊಳಗೆ ಇಟ್ಟುಕೊಂಡು, ಅವನು ಚಾಪೆಯ ಒಂದು ತುದಿಗೆ ಒತ್ತರಿಸಿ ಕೂತ. ನಾನೂರ ಹನ್ನೆರಡು ಜನ ಕೂರಬೇಕಲ್ಲ.